ಸ್ಮೋಕರ್‌ನ ಮೂರು ಥರ್ಮಾಮೀಟರುಗಳಲ್ಲಿ ಯಾವುದನ್ನು ನಂಬುವುದು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದಲ್ಲಿ ನೆಲೆಸಿರುವ ಓದುಗರು ಪೆಲೆಟ್ ಸ್ಮೋಕರ್ (ಪೆಲೆಟ್ ಎಂಬ ಮರದ ಪುಡಿಯ ಕಡ್ಡಿಗಳನ್ನು ಉರಿಸಿ ಹೊಗೆ ಮತ್ತು ಬಿಸಿಗಾಳಿಯಲ್ಲಿ ಬೇಯಿಸುವ ಒಲೆ) ಕುರಿತು ಬರೆದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಹೇಳುತ್ತವೆ: ಯಂತ್ರ ತೋರಿಸುವ ತಾಪಮಾನ ನಿಜವಲ್ಲ. ಈ ಒಲೆ ಹುಟ್ಟಿದ್ದೂ ಆ ನೆಲದಲ್ಲಿಯೇ. ಆರೆಗಾನ್ ರಾಜ್ಯದ ಮೌಂಟ್ ಏಂಜೆಲ್ ಎಂಬ ಊರಿನ ಜೋ ಟ್ರೇಗರ್ 1986ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು; 2006ರಲ್ಲಿ ಅದರ ಅವಧಿ ಮುಗಿದ ಮೇಲೆ ಅನೇಕ ಕಂಪನಿಗಳು ಇದನ್ನು ತಯಾರಿಸತೊಡಗಿದವು. ಯಂತ್ರ ಯಾವ ಕಂಪನಿಯದಾದರೂ ಒಳಗಿನ ಏರ್ಪಾಡು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಕೆಳಗಿನ ಉತ್ತರಗಳು ಬಹುತೇಕ ಎಲ್ಲ ಮಾದರಿಗಳಿಗೂ ಅನ್ವಯಿಸುತ್ತವೆ. ಅಲ್ಲಿನ ಯಂತ್ರಗಳು ಫ್ಯಾರನ್‌ಹೀಟ್‌ನಲ್ಲಿ ತೋರಿಸುವ ಕಾರಣ ಅಂಕಿಗಳನ್ನು ಅದರಲ್ಲಿಯೇ ಕೊಟ್ಟಿದ್ದೇನೆ, ಅಗತ್ಯವಿದ್ದಲ್ಲಿ ಸೆಲ್ಸಿಯಸ್ ಎಂದು ಹೇಳಿದ್ದೇನೆ.

ಪ್ರಶ್ನೆ: ನನ್ನ ಪೆಲೆಟ್ ಸ್ಮೋಕರ್‌ಗೆ ಎರಡು ವರ್ಷವಾಗಿದೆ. 225 ಡಿಗ್ರಿಗೆ ಇಟ್ಟರೆ ಫಲಕದಲ್ಲಿ 225 ಎಂದೇ ಕಾಣುತ್ತದೆ. ಮುಚ್ಚಳದ ಮೇಲಿರುವ ಮುಳ್ಳಿನ ಮೀಟರ್ 190 ತೋರಿಸುತ್ತದೆ. ಹೊಸದಾಗಿ ಕೊಂಡ ಡಿಜಿಟಲ್ ಥರ್ಮಾಮೀಟರಿನ ಪ್ರೋಬನ್ನು (ತಾಪ ಅಳೆಯುವ ಕಡ್ಡಿಯನ್ನು) ಜಾಲರಿಗೆ ಕ್ಲಿಪ್ ಹಾಕಿ ಕೂರಿಸಿದರೆ 260 ಬರುತ್ತದೆ. ಹೋದ ಸಲ ಬ್ರಿಸ್ಕೆಟ್‌ನ (ದನದ ಎದೆಭಾಗದ ಮಾಂಸದ) ತಳ ಕರಕಲಾಯಿತು. ಸೆನ್ಸರ್ ಬದಲಾಯಿಸಬೇಕೋ, ಕಂಟ್ರೋಲರನ್ನೇ ಬದಲಾಯಿಸಬೇಕೋ? (ಡಲ್ಲಾಸ್ ಸಮೀಪದ ಓದುಗರು, ಟೆಕ್ಸಾಸ್)

ಉತ್ತರ: ಸದ್ಯಕ್ಕೆ ಎರಡನ್ನೂ ಕೊಳ್ಳಬೇಡಿ. ನಿಮ್ಮ ಮೂರು ಮೀಟರುಗಳೂ ತಾವು ಇರುವ ಜಾಗದ ಮಟ್ಟಿಗೆ ಸರಿಯಾದ ಅಂಕಿಯನ್ನೇ ಹೇಳುತ್ತಿರುವ ಸಾಧ್ಯತೆ ಇದೆ. ಒಲೆಯ ಮುಂದೆ ಕೂತವರಿಗೂ ಅಟ್ಟದ ಮೇಲಿಟ್ಟ ತೆಂಗಿನಕಾಯಿಗೂ ತಾಕುವ ಶಾಖ ಹೇಗೆ ಒಂದೇ ಅಲ್ಲವೋ, ಹಾಗೆಯೇ ಸ್ಮೋಕರ್‌ನ ತಗಡಿನ ಪೆಟ್ಟಿಗೆಯೊಳಗೂ ಎಲ್ಲೆಡೆ ಒಂದೇ ತಾಪಮಾನ ಇರುವುದಿಲ್ಲ.

ಫಲಕದಲ್ಲಿ ಕಾಣುವ 225 ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ಪಕ್ಕದ ಹಾಪರ್ ಎಂಬ ಡಬ್ಬಿಯಲ್ಲಿರುವ ಪೆಲೆಟ್‌ಗಳನ್ನು ಆಗರ್ ಎಂಬ ತಿರುಪು ಸ್ವಲ್ಪಸ್ವಲ್ಪವಾಗಿ ಬೆಂಕಿ ಬಟ್ಟಲಿಗೆ ತಳ್ಳುತ್ತದೆ, ಕೆಳಗಿನ ಫ್ಯಾನ್ ಗಾಳಿ ಊದುತ್ತದೆ, ಬಟ್ಟಲಿನ ಮೇಲಿರುವ ತಗಡು ಜ್ವಾಲೆಯನ್ನು ತಡೆದು ಬಿಸಿಗಾಳಿಯನ್ನು ಸುತ್ತಲೂ ಹರಡುತ್ತದೆ. ತಿರುಪು ಎಷ್ಟು ಹೊತ್ತು ತಿರುಗಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಕಂಟ್ರೋಲರ್ ನಿರ್ಧರಿಸುತ್ತದೆ, ಮತ್ತು ಅದಕ್ಕೆ ಇರುವ ಒಂದೇ ಕಣ್ಣು ಪೆಟ್ಟಿಗೆಯ ಒಳಗೋಡೆಯಿಂದ ಚಾಚಿಕೊಂಡಿರುವ ಪೆನ್ಸಿಲ್ ಗಾತ್ರದ ಲೋಹದ ಸೆನ್ಸರ್. ಆ ಸೆನ್ಸರ್ 225 ಎನ್ನುವವರೆಗೆ ಕಂಟ್ರೋಲರ್ ಬೆಂಕಿಯನ್ನು ಏರಿಸುತ್ತಲೋ ಇಳಿಸುತ್ತಲೋ ಇರುತ್ತದೆ. ಆದ್ದರಿಂದ ಸೆನ್ಸರ್ ತಪ್ಪು ಹೇಳುತ್ತಿದ್ದರೂ ಫಲಕದಲ್ಲಿ 225 ಎಂದೇ ಕಾಣುತ್ತದೆ. ಬದಲಾಗುವುದು ಒಳಗಿನ ನಿಜವಾದ ಶಾಖ ಮಾತ್ರ. ಫಲಕದ ಅಂಕಿ ಕದಲದೆ ನಿಂತಿದೆ ಎಂಬುದನ್ನು ಸೆನ್ಸರ್ ಸರಿಯಾಗಿದೆ ಎಂಬುದಕ್ಕೆ ಪುರಾವೆಯಾಗಿ ಎಂದಿಗೂ ತೆಗೆದುಕೊಳ್ಳಬೇಡಿ. ಕೆಲವು ಕಂಟ್ರೋಲರುಗಳಂತೂ ತಾಪಮಾನ ಗುರಿಯ ಆಸುಪಾಸಿಗೆ ಬಂದೊಡನೆ ಗುರಿಯ ಅಂಕಿಯನ್ನೇ ತೋರಿಸಿ ಸುಮ್ಮನಾಗುತ್ತವೆ.

ಮುಚ್ಚಳದ ಮೀಟರನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದರೊಳಗೆ ಇರುವುದು ಎರಡು ಲೋಹಗಳ ಸುರುಳಿ. ಅದು ನಿಧಾನವಾಗಿ ತಿರುಗುತ್ತದೆ, ಮಾಂಸಕ್ಕಿಂತ ಒಂದು ಗೇಣು ಮೇಲೆ, ಹೊರಗಿನ ಗಾಳಿಗೆ ಒಡ್ಡಿಕೊಂಡ ತಗಡಿನಲ್ಲಿ ಕೂತಿರುತ್ತದೆ. ಅಡುಗೆ ಆಗುವುದು ಜಾಲರಿಯ ಮಟ್ಟದಲ್ಲಿ. ಹೀಗಾಗಿ ನಿಮ್ಮ ಪ್ರಶ್ನೆ 225 ಸರಿಯೋ 260 ಸರಿಯೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಹೊಸ ಥರ್ಮಾಮೀಟರನ್ನು ಮೊದಲು ಪರೀಕ್ಷಿಸಿ. ಒಂದು ದೊಡ್ಡ ಲೋಟದ ತುಂಬ ಪುಡಿ ಮಾಡಿದ ಮಂಜುಗಡ್ಡೆ ಹಾಕಿ, ಸಂದುಗಳು ತುಂಬುವಷ್ಟು ಮಾತ್ರ ನೀರು ಸುರಿದು, ಎರಡು ನಿಮಿಷ ಬಿಟ್ಟು ಕಲಕಿ, ಪ್ರೋಬಿನ ತುದಿ ಲೋಟದ ತಳಕ್ಕಾಗಲಿ ಬದಿಗಾಗಲಿ ತಾಗದಂತೆ ನಡುವೆ ಹಿಡಿಯಿರಿ. 32 ಬರಬೇಕು, ಒಂದೆರಡು ಡಿಗ್ರಿ ಆಚೀಚೆ ಇದ್ದರೆ ಚಿಂತೆಯಿಲ್ಲ. ಮಂಜುಗಡ್ಡೆ ತೇಲಿ ತಳದಲ್ಲಿ ಬರೀ ನೀರು ನಿಂತಿದ್ದರೆ ಪರೀಕ್ಷೆ ಕೆಟ್ಟಂತೆ, ಏಕೆಂದರೆ ಅಲ್ಲಿ ನೀರು ನಾಲ್ಕಾರು ಡಿಗ್ರಿ ಹೆಚ್ಚು ಬೆಚ್ಚಗಿರುತ್ತದೆ. ಬಳಿಕ ಕೊತಕೊತ ಕುದಿಯುವ ನೀರಿನಲ್ಲಿ ನೋಡಿ. ನಿಮ್ಮ ಊರು ಸಮುದ್ರಮಟ್ಟಕ್ಕಿಂತ ಹೆಚ್ಚು ಎತ್ತರದಲ್ಲಿಲ್ಲದ ಕಾರಣ 211 ಅಥವಾ 212 ಬರಬೇಕು. ಎರಡರಲ್ಲಿಯೂ ಗೆದ್ದ ಥರ್ಮಾಮೀಟರನ್ನು ಮಾತ್ರ ಸಾಕ್ಷಿಗೆ ಕರೆಯಿರಿ.

ಎರಡನೆಯದಾಗಿ ಪ್ರೋಬ್ ಎಲ್ಲಿತ್ತು ಎಂಬುದನ್ನು ನೆನಪಿಸಿಕೊಳ್ಳಿ. ಬೆಂಕಿ ಬಟ್ಟಲಿನ ನೇರ ಮೇಲಿದ್ದರೆ 260 ಬರುವುದು ಸಹಜ. ತಣ್ಣನೆಯ ದೊಡ್ಡ ಬ್ರಿಸ್ಕೆಟ್‌ಗೆ ಒತ್ತಿಕೊಂಡಿದ್ದರೆ ಇದಕ್ಕೆ ವಿರುದ್ಧವಾಗುತ್ತದೆ: ಮಾಂಸದ ಮೇಲ್ಮೈಯಿಂದ ಆವಿಯಾಗುವ ತೇವ ಸುತ್ತಲಿನ ಗಾಳಿಯನ್ನು ತಂಪಾಗಿಸುವುದರಿಂದ ಪ್ರೋಬ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಯಂತ್ರದ ಸೆನ್ಸರ್ ಪಕ್ಕಕ್ಕೇ ಮಾಂಸದ ತುದಿ ಚಾಚಿಕೊಂಡಿದ್ದರೆ ಅದಕ್ಕೂ ಇದೇ ಭ್ರಮೆ ಆಗುತ್ತದೆ. ಆಗ ಕಂಟ್ರೋಲರ್ ಶಾಖ ಸಾಲದೆಂದು ಬಗೆದು ಇನ್ನಷ್ಟು ಪೆಲೆಟ್ ಸುರಿಯುತ್ತದೆ. ನಿಮ್ಮ ಬ್ರಿಸ್ಕೆಟ್‌ನ ತಳ ಕರಕಲಾದುದಕ್ಕೆ ನನ್ನ ಮೊದಲ ಅನುಮಾನ ಇದರ ಮೇಲೆಯೇ. ಮಾಂಸಕ್ಕೂ ಯಾವುದೇ ಪ್ರೋಬಿಗೂ ನಡುವೆ ಕನಿಷ್ಠ ಎರಡು ಅಂಗುಲ ಅಂತರವಿರಲಿ.

ಇನ್ನು ನಿಜವಾದ ಪರೀಕ್ಷೆ. ಯಂತ್ರ ಪೂರ್ತಿ ತಣ್ಣಗಿರುವಾಗ ಪ್ಲಗ್ ತೆಗೆದು, ಜಾಲರಿ ಮತ್ತು ತಗಡುಗಳನ್ನು ಎತ್ತಿ, ಬಟ್ಟಲಿನ ಬೂದಿಯನ್ನು ತೆಗೆಯಿರಿ. ಸೆನ್ಸರನ್ನು ನೋಡಿ: ಎರಡು ವರ್ಷ ದುಡಿದ ಸೆನ್ಸರ್ ಮೇಲೆ ಹೊಳೆಯುವ ಕಪ್ಪು ಜಿಡ್ಡು ಒಣಗಿದ ಅರಗಿನಂತೆ ಗಟ್ಟಿಯಾಗಿ ಕೂತಿರುತ್ತದೆ. ಆ ಪದರದ ಮೂಲಕ ಶಾಖ ತಡವಾಗಿ ಒಳಗಿಳಿಯುವ ಕಾರಣ ಕಂಟ್ರೋಲರ್‌ಗೆ ಸುದ್ದಿ ತಡವಾಗಿ ಮುಟ್ಟುತ್ತದೆ, ಬೆಂಕಿ ಮಿತಿಮೀರಿ ಏರಿ ಮತ್ತೆ ಮಿತಿಮೀರಿ ಇಳಿಯುತ್ತದೆ. ಒದ್ದೆ ಬಟ್ಟೆಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಅಥವಾ ವಿನೆಗರ್ ಹಾಕಿ ಒರೆಸಿ. ಬಿಡದಿದ್ದರೆ ತೀರ ನವುರಾದ ಉಜ್ಜು ನಾರಿನಿಂದ ಮೆಲ್ಲನೆ ಉಜ್ಜಿ. ಸೆನ್ಸರ್ ಬಾಗಿ ಗೋಡೆಗೆ ತಾಗಿಕೊಂಡಿದ್ದರೆ ಅದು ಗಾಳಿಯ ಬದಲು ತಗಡಿನ ತಾಪವನ್ನು ಹೇಳುತ್ತದೆ, ಆದ್ದರಿಂದ ಬಿಡಿಸಿ ನೇರ ಮಾಡಿ. ಬಳಿಕ ಒಳಗೆ ಏನೂ ಇಡದೆ 225ಕ್ಕೆ ಹಚ್ಚಿ, ಪರೀಕ್ಷೆ ಮಾಡಿದ ಪ್ರೋಬನ್ನು ಜಾಲರಿಯ ನಡುಮಧ್ಯದಲ್ಲಿ ಲೋಹಕ್ಕೆ ತಾಗದಂತೆ ನಿಲ್ಲಿಸಿ, ಮುಚ್ಚಳ ತೆರೆಯದೆ ಮುಕ್ಕಾಲು ಗಂಟೆ ಬಿಡಿ. ಅದಾದ ಮೇಲಿನ ಅರ್ಧ ಗಂಟೆಯಲ್ಲಿ ಕಂಡ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳನ್ನು ಬರೆದುಕೊಂಡು ಅವುಗಳ ಸರಾಸರಿ ತೆಗೆಯಿರಿ. ಒಂದು ಕ್ಷಣ ಇಣುಕಿ ನೋಡಿದ ಅಂಕಿಯಿಂದ ಯಾವ ತೀರ್ಮಾನಕ್ಕೂ ಬರಲಾಗದು, ಏಕೆಂದರೆ ಈ ಒಲೆಯ ಬೆಂಕಿ ಸದಾ ಏರಿಳಿಯುತ್ತಲೇ ಇರುತ್ತದೆ. ಹಳೆಯ ಕಂಟ್ರೋಲರುಗಳಲ್ಲಿ 20 ಡಿಗ್ರಿಯವರೆಗಿನ ತೂಗಾಟ ದೋಷವೇ ಅಲ್ಲ.

ಸರಾಸರಿ 15 ಡಿಗ್ರಿಯೊಳಗೆ ವ್ಯತ್ಯಾಸ ತೋರಿದರೆ ಸುಮ್ಮನಿದ್ದುಬಿಡಿ. ಹೆಚ್ಚಿದ್ದರೆ ಇದೇ ಪರೀಕ್ಷೆಯನ್ನು 350ರಲ್ಲಿಯೂ ಮಾಡಿ. ಎರಡೂ ಕಡೆ ವ್ಯತ್ಯಾಸ ಒಂದೇ ಆಗಿದ್ದರೆ ಕಂಟ್ರೋಲರ್‌ನಲ್ಲಿ ಇರುವ ತಿದ್ದುಪಡಿ ಸೌಲಭ್ಯದಿಂದ ಅಷ್ಟನ್ನು ಕೂಡಿಸಬಹುದು ಅಥವಾ ಕಳೆಯಬಹುದು. ಆ ಸೌಲಭ್ಯ ಇಲ್ಲದಿದ್ದರೆ ಅಷ್ಟು ಕಡಿಮೆಗೋ ಹೆಚ್ಚಿಗೋ ಇಟ್ಟರೆ ಆಯಿತು. ಆದರೆ 225ರಲ್ಲಿ 10 ಇದ್ದದ್ದು 350ರಲ್ಲಿ 40 ಆದರೆ ತಿದ್ದುಪಡಿ ಕೆಲಸಕ್ಕೆ ಬರುವುದಿಲ್ಲ. ಆಗ ಸೆನ್ಸರ್ ಮತ್ತು ಅದರ ತಂತಿಯ ಮೇಲೆ ಅನುಮಾನ ಪಡಬೇಕು.

ಮನೆಯಲ್ಲಿ ಮಲ್ಟಿಮೀಟರ್ (ವಿದ್ಯುತ್ ಅಳೆಯುವ ಉಪಕರಣ) ಇದ್ದರೆ ಆ ಅನುಮಾನವನ್ನೂ ಪರಿಹರಿಸಬಹುದು. ಈ ಸೆನ್ಸರುಗಳಲ್ಲಿ ಹೆಚ್ಚಿನವು ಪ್ಲಾಟಿನಮ್ ತಂತಿಯವು. ಬಿಸಿಯಾದಂತೆ ಅವುಗಳ ವಿದ್ಯುತ್ ರೋಧ ಏರುತ್ತದೆ. ಪಿಟಿ 1000 ಎಂಬ ಬಗೆಯಲ್ಲಿ ಮಂಜುಗಡ್ಡೆಯ ತಾಪದಲ್ಲಿ 1000 ಓಮ್, ನೀರು ಕುದಿಯುವ ತಾಪದಲ್ಲಿ ಸುಮಾರು 1385 ಓಮ್ ಇರಬೇಕು. ಪಿಟಿ 100 ಬಗೆಯಲ್ಲಿ ಇವು 100 ಮತ್ತು 138.5. ಕಂಟ್ರೋಲರ್‌ನಿಂದ ತಂತಿ ಕಳಚಿ ಅಳೆಯಬೇಕು. ಅಂಕಿ ಸರಿಯಿದ್ದೂ ಯಂತ್ರ ತಪ್ಪು ತೋರಿಸಿದರೆ ಜೋಡಣೆಯ ತಿರುಪುಗಳನ್ನು ಬಿಗಿ ಮಾಡಿ ನೋಡಿ. ಸಡಿಲವಾದ ಅಥವಾ ತುಕ್ಕು ಹಿಡಿದ ಜೋಡಣೆ ತನ್ನದೇ ರೋಧವನ್ನು ಸೇರಿಸುತ್ತದೆ. ಪಿಟಿ 100ರಲ್ಲಿ ಒಂದೇ ಒಂದು ಓಮ್ ಹೆಚ್ಚಾದರೂ ಎರಡೂವರೆ ಸೆಲ್ಸಿಯಸ್ ಡಿಗ್ರಿಗಿಂತ ಹೆಚ್ಚು ಏರಿದಂತೆ ಕಾಣುತ್ತದೆ, ಪಿಟಿ 1000ರಲ್ಲಿ ಅದರ ಹತ್ತನೆಯ ಒಂದು ಪಾಲು ಮಾತ್ರ. ಇಷ್ಟೆಲ್ಲ ಮುಗಿದ ಮೇಲೂ ವ್ಯತ್ಯಾಸ ಉಳಿದರೆ ಮೊದಲು ಸೆನ್ಸರ್ ಬದಲಾಯಿಸಿ, ಅದು ಅಗ್ಗದ ವಸ್ತು. ಕಂಟ್ರೋಲರ್ ಕೊನೆಯ ಮಾತು.

ಪ್ರಶ್ನೆ: ಕುದಿಯುವ ನೀರಿನಲ್ಲಿ ನನ್ನ ಥರ್ಮಾಮೀಟರ್ 203 ತೋರಿಸುತ್ತದೆ, 212 ಬರುವುದೇ ಇಲ್ಲ. ಮಂಜುಗಡ್ಡೆಯಲ್ಲಿ ಸರಿಯಾಗಿ 32 ಬರುತ್ತದೆ. ಹಿಂದಿರುಗಿಸಬೇಕೆ? (ಡೆನ್ವರ್‌ನ ಓದುಗರು, ಕೊಲರಾಡೊ)

ಉತ್ತರ: ಬೇಡ, ನಿಮ್ಮ ಥರ್ಮಾಮೀಟರ್ ಚೆನ್ನಾಗಿಯೇ ಇದೆ. ಡೆನ್ವರ್ ಸಮುದ್ರಮಟ್ಟದಿಂದ 5,280 ಅಡಿ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಸುಮಾರು 203ರಲ್ಲಿಯೇ, ಅಂದರೆ 95 ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ನಮ್ಮ ಬೆಂಗಳೂರಿನಲ್ಲಿಯೂ ನೀರು 100 ಸೆಲ್ಸಿಯಸ್ ಮುಟ್ಟುವುದಿಲ್ಲ. ಸುಮಾರು 920 ಮೀಟರ್ ಎತ್ತರದ ಕಾರಣ 97ರ ಸುಮಾರಿಗೆ ಕುದಿಯುತ್ತದೆ. ಇದನ್ನು ಅರಿಯದೆ 9 ಡಿಗ್ರಿಯ ತಿದ್ದುಪಡಿ ಹಾಕಿಬಿಟ್ಟರೆ ಸರಿಯಿದ್ದ ಮೀಟರನ್ನು ಕೆಡಿಸಿದಂತಾಗುತ್ತದೆ.

ಇದರಿಂದ ನಿಮಗೆ ಇನ್ನೊಂದು ತೊಡಕೂ ಇದೆ. ಬ್ರಿಸ್ಕೆಟ್‌ನ ಒಳಗೆ 203 ಆಗುವವರೆಗೆ ಬೇಯಿಸಿ ಎಂದು ಟೆಕ್ಸಾಸ್‌ನವರು ಹೇಳುವ ಅಂಕಿ ನಿಮ್ಮ ಊರಿನಲ್ಲಿ ನೀರಿನ ಕುದಿಬಿಂದುವೇ ಆಗಿಬಿಡುತ್ತದೆ. ತೇವ ತುಂಬಿದ ಮಾಂಸ ಅದರ ಹತ್ತಿರ ಬಂದು ಅಲ್ಲಿಯೇ ನಿಂತುಬಿಡುವುದರಿಂದ ಪ್ರೋಬ್ ಕೆಟ್ಟಿದೆ ಎನಿಸುತ್ತದೆ. 195 ದಾಟಿದ ಮೇಲೆ ಅಂಕಿಗಾಗಿ ಕಾಯದೆ ಪ್ರೋಬನ್ನು ಚುಚ್ಚಿ ನೋಡಿ; ತಡೆಯಿಲ್ಲದೆ ಒಳಗಿಳಿದರೆ ಬೆಂದಿದೆ.

ಪ್ರಶ್ನೆ: ಚಳಿಗಾಲದಲ್ಲಿ ನನ್ನ ಸ್ಮೋಕರ್ 250ಕ್ಕೆ ಇಟ್ಟರೂ 215ರ ಮೇಲೆ ಏರುವುದಿಲ್ಲ, ಏರಿದರೂ ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ಸರಿಯಾಗಿತ್ತು. ಸೆನ್ಸರ್‌ಗೆ ಚಳಿ ತಾಗುತ್ತದೆಯೆ? (ಮಿನಿಯಾಪೊಲಿಸ್‌ನ ಓದುಗರು, ಮಿನೆಸೋಟ)

ಉತ್ತರ: ನಿಮ್ಮ ಸೆನ್ಸರ್ ನಿಜವನ್ನೇ ಹೇಳುತ್ತಿದೆ ಎಂದು ನನಗೆ ತೋರುತ್ತದೆ, ಏಕೆಂದರೆ ತಪ್ಪು ಸೆನ್ಸರ್ ಇದ್ದ ಯಂತ್ರದಲ್ಲಿ ಫಲಕ ಗುರಿಯನ್ನು ಮುಟ್ಟಿ ನಿಂತು ಅಡುಗೆ ಕೆಡುತ್ತದೆ. ನಿಮ್ಮಲ್ಲಿ ಫಲಕವೇ ಸೋತೆನೆಂದು ಒಪ್ಪಿಕೊಳ್ಳುತ್ತಿದೆ. ಇದು ಅಳತೆಯ ದೋಷವಲ್ಲ, ಶಾಖದ ಕೊರತೆ. ತೆಳು ತಗಡಿನ ಮೂಲಕ ಶಾಖ ಸೋರಿಹೋಗುತ್ತಿದೆ, ಗಾಳಿ ಬೀಸಿದರೆ ಚಳಿಗಿಂತಲೂ ಹೆಚ್ಚು ಹಾನಿ. ಮರೆಯಾದ ಜಾಗಕ್ಕೆ ಸರಿಸಿ, ನಿಮ್ಮ ಮಾದರಿಗೆಂದೇ ಮಾಡಿದ ಉಷ್ಣನಿರೋಧಕ ಹೊದಿಕೆ ಹೊದಿಸಿ, ಆದರೆ ಚಿಮಣಿಯನ್ನೂ ಗಾಳಿಕಿಂಡಿಗಳನ್ನೂ ಮುಚ್ಚಬೇಡಿ. ಚಳಿಯೆಂದು ಗ್ಯಾರೇಜಿನೊಳಗೆ ಹಚ್ಚುವುದಂತೂ ಕೂಡದು. ಬಾಗಿಲು ತೆರೆದಿದ್ದರೂ ಕಾರ್ಬನ್ ಮಾನಾಕ್ಸೈಡ್ ಅನಿಲ ಕಣ್ಣಿಗೆ ಕಾಣದೆ, ಮೂಗಿಗೆ ತಿಳಿಯದೆ ತುಂಬಿಕೊಳ್ಳುತ್ತದೆ.

ಪೆಲೆಟ್‌ಗಳನ್ನೂ ಒಮ್ಮೆ ನೋಡಿ. ಇವು ಮರದ ಪುಡಿಯನ್ನು ಒತ್ತಿ ಮಾಡಿದ ಕಾಲು ಅಂಗುಲ ದಪ್ಪದ ಕಡ್ಡಿಗಳು. ಒಣಗಿದ್ದು ಬೆರಳಿನಲ್ಲಿ ಟಕ್ಕೆಂದು ಮುರಿಯುತ್ತದೆ, ಹೊರಮೈ ಮಿರುಗುತ್ತದೆ. ತೇವ ಹೀರಿದ್ದು ಮಂಕಾಗಿ ಉಬ್ಬಿ, ಹಿಸುಕಿದರೆ ಪುಡಿಯಾಗುತ್ತದೆ. ಅಂತಹವು ಉರಿದರೂ ಶಾಖ ಕೊಡುವುದಿಲ್ಲ, ತಿರುಪಿನ ಕೊಳವೆಯಲ್ಲಿ ಗಂಟುಕಟ್ಟುತ್ತವೆ ಕೂಡ. ಹಿಮ ಕರಗಿದ ನೀರು ಹಾಪರ್‌ಗೆ ಇಳಿದಿದ್ದರೆ ಪೂರ್ತಿ ಖಾಲಿ ಮಾಡಿ ಒಣ ಪೆಲೆಟ್ ತುಂಬಿ. ಹಳೆಯ ಮಾದರಿಯಾದರೆ ಪಿ ಎಂಬ ಸೆಟ್ಟಿಂಗ್ ಇರುತ್ತದೆ. ಆ ಅಂಕಿ ದೊಡ್ಡದಾದಷ್ಟೂ ತಿರುಪು ಹೆಚ್ಚು ಹೊತ್ತು ನಿಂತಿರುತ್ತದೆ. ಚಳಿಗಾಲದಲ್ಲಿ ಅದನ್ನು ಒಂದು ಅಂಕಿ ಇಳಿಸಿ ನೋಡಬಹುದು.

ಪ್ರಶ್ನೆ: ಮಾಂಸಕ್ಕೆ ಚುಚ್ಚುವ ಪ್ರೋಬನ್ನು ತೊಳೆದ ಮೇಲೆ ಅದು ಕೋಣೆಯಲ್ಲಿಯೇ 140 ತೋರಿಸುತ್ತಿದೆ. ಒಂದೆರಡು ದಿನ ಬಿಟ್ಟರೆ ಸರಿಹೋಗುತ್ತದೆಯೆ? (ಎಡಿಸನ್‌ನ ಓದುಗರು, ನ್ಯೂ ಜೆರ್ಸಿ)

ಉತ್ತರ: ಹೋಗಬಹುದು, ಆದರೆ ನಾನಾದರೆ ನಂಬುವುದಿಲ್ಲ. ಇಂತಹ ಪ್ರೋಬುಗಳಲ್ಲಿ ಸಾಮಾನ್ಯವಾಗಿ ಥರ್ಮಿಸ್ಟರ್ ಇರುತ್ತದೆ, ಅದರ ಸ್ವಭಾವ ಪ್ಲಾಟಿನಮ್ ಸೆನ್ಸರ್‌ಗೆ ತಿರುಗುಮುರುಗು: ಬಿಸಿಯಾದಂತೆ ರೋಧ ಇಳಿಯುತ್ತದೆ. ಲೋಹದ ಕಡ್ಡಿ ಮತ್ತು ಹೆಣೆದ ತಂತಿ ಸೇರುವ ಮಡಿಕೆಯ ಮೂಲಕ ನೀರು ಒಳಹೊಕ್ಕರೆ ವಿದ್ಯುತ್ತಿಗೆ ಅಡ್ಡದಾರಿ ಸಿಗುತ್ತದೆ, ರೋಧ ಇಳಿಯುತ್ತದೆ, ಕಂಟ್ರೋಲರ್ ಅದನ್ನು ಶಾಖವೆಂದು ಓದುತ್ತದೆ. ಅಂದರೆ ನೀರು ಕುಡಿದ ಪ್ರೋಬ್ ತಪ್ಪುವುದು ಸಾಮಾನ್ಯವಾಗಿ ಮೇಲ್ಮುಖವಾಗಿಯೇ, ಮತ್ತು ಅದೇ ಅಪಾಯ. ಕೋಳಿ ಮಾಂಸದ ಒಳಗೆ 165, ಅಂದರೆ 74 ಸೆಲ್ಸಿಯಸ್ ಆಗಬೇಕು. ನಿಮ್ಮ ಪ್ರೋಬ್ 165 ಎನ್ನುವಾಗ ಒಳಗೆ ಹಸಿಯಾಗಿಯೇ ಇರಬಹುದು. ಬೆಚ್ಚನೆಯ ಒಣ ಜಾಗದಲ್ಲಿ ಒಣಗಿಸಿ, ಮಂಜುಗಡ್ಡೆ ಪರೀಕ್ಷೆಯಲ್ಲಿ ಗೆದ್ದರೆ ಮಾತ್ರ ಬಳಸಿ, ಇಲ್ಲವಾದರೆ ಬಿಸಾಡಿ. ಇನ್ನು ಮುಂದೆ ಕಡ್ಡಿಯನ್ನಷ್ಟೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಮಂಜುಗಡ್ಡೆ ಪರೀಕ್ಷೆಯಲ್ಲಿಯೂ ಮಡಿಕೆಯವರೆಗೆ ಮುಳುಗಿಸಬೇಡಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಗೊಜ್ಜಿಗೆಂದು ಬದನೆಕಾಯಿಗಳನ್ನು ಸಾಲಾಗಿಟ್ಟರೆ ಎಡಗಡೆಯವು ಸುಟ್ಟುಹೋಗುತ್ತವೆ, ಬಲಗಡೆಯವು ಗಟ್ಟಿಯಾಗಿಯೇ ಉಳಿಯುತ್ತವೆ. ಫಲಕದ ತಾಪಮಾನ ಯಾವ ಬದಿಯದು? (ಫ್ರೀಮಾಂಟ್‌ನ ಓದುಗರು, ಕ್ಯಾಲಿಫೋರ್ನಿಯ)

ಉತ್ತರ: ಸೆನ್ಸರ್ ಇರುವ ಬದಿಯದು, ಅಷ್ಟೇ. ಒಳಗಿನ ಶಾಖದ ಹರವನ್ನು ಕಣ್ಣಾರೆ ನೋಡಲು ಸುಲಭವಾದ ಉಪಾಯವಿದೆ. ಒಲೆ 350ರಲ್ಲಿ ನೆಲೆನಿಂತ ಮೇಲೆ ಜಾಲರಿಯ ತುಂಬ ಬಿಳಿ ಬ್ರೆಡ್ ತುಂಡುಗಳನ್ನು ಒಂದಕ್ಕೊಂದು ಅಂಟಿಸಿ ಹರಡಿ, ಹತ್ತು ನಿಮಿಷದ ಬಳಿಕ ಒಂದೊಂದರ ತಳವನ್ನೂ ತಿರುಗಿಸಿ, ಇದ್ದ ಜಾಗದಲ್ಲಿಯೇ ಇಟ್ಟು ಫೋಟೊ ತೆಗೆದುಕೊಳ್ಳಿ. ಕಂದು ಬಣ್ಣ ಎಲ್ಲಿ ಗಾಢವಾಗಿದೆ, ಎಲ್ಲಿ ಬಿಳಿ ಉಳಿದಿದೆ ಎಂಬುದು ನಕ್ಷೆಯಂತೆ ಕಾಣುತ್ತದೆ, ಮತ್ತು ನಾಲ್ಕು ಥರ್ಮಾಮೀಟರ್ ಕೊಂಡರೂ ಇಷ್ಟು ಸ್ಪಷ್ಟವಾಗಿ ತಿಳಿಯುವುದಿಲ್ಲ.

ಒಂದೇ ಬದಿ ಹೀಗೆ ಸುಡುವುದಕ್ಕೆ ಸಾಮಾನ್ಯ ಕಾರಣ, ಬಟ್ಟಲಿನ ಮೇಲಿನ ಶಾಖ ಹರಡುವ ತಗಡೋ ಜಿಡ್ಡಿನ ತಟ್ಟೆಯೋ ಜಾಗ ತಪ್ಪಿರುವುದು. ಶುಚಿ ಮಾಡಿ ಮತ್ತೆ ಇಡುವಾಗ ಒಂದು ಬೆರಳಿನಷ್ಟು ಸರಿದರೂ ಒಂದು ಬದಿಯ ಸಂದು ದೊಡ್ಡದಾಗಿ ಬಿಸಿಗಾಳಿಯೆಲ್ಲ ಅಲ್ಲಿಯೇ ನುಗ್ಗುತ್ತದೆ. ಒಲೆ ಸಮತಟ್ಟಾಗಿ ನಿಂತಿದೆಯೇ, ತಗಡು ಶಾಖಕ್ಕೆ ಸೊಟ್ಟಗಾಗಿದೆಯೇ, ಮುಚ್ಚಳದ ಒಂದು ಮೂಲೆಯಿಂದ ಹೊಗೆ ಸೋರುತ್ತಿದೆಯೇ ಎಂದೂ ನೋಡಿ. ಎಲ್ಲ ಸರಿಪಡಿಸಿದ ಮೇಲೂ ಒಂದಿಷ್ಟು ವ್ಯತ್ಯಾಸ ಉಳಿಯುತ್ತದೆ. ಬದನೆಕಾಯಿಯಂತಹ ಅಡುಗೆಗೆ ಅದು ಅನುಕೂಲವೇ, ದಪ್ಪನೆಯವನ್ನು ಎಡಕ್ಕೆ, ಎಳೆಯವನ್ನು ಬಲಕ್ಕೆ ಇಟ್ಟರಾಯಿತು.

ಪ್ರಶ್ನೆ: ರಾತ್ರಿಯಿಡೀ ಬೇಯಲೆಂದು ಇಟ್ಟಿದ್ದೆ. ಬೆಳಗ್ಗೆ ಎದ್ದಾಗ ತಾಪಮಾನ ತೀರ ಇಳಿದಿದೆ ಎಂಬ ಸೂಚನೆ ತೋರಿಸಿ ಯಂತ್ರ ನಿಂತಿತ್ತು. ಮತ್ತೆ ಹಚ್ಚಿದಾಗ ದಟ್ಟ ಬಿಳಿ ಹೊಗೆ ಬಂದು, ಧಡ್ ಎಂಬ ಸದ್ದಿನೊಡನೆ ಮುಚ್ಚಳ ಅಲುಗಿತು. ಸೆನ್ಸರ್ ತಪ್ಪು ತೋರಿಸಿದ್ದರಿಂದ ಹೀಗಾಯಿತೆ? (ಷಾರ್ಲೆಟ್‌ನ ಓದುಗರು, ನಾರ್ತ್ ಕ್ಯಾರೊಲೈನ)

ಉತ್ತರ: ಆಗಿರಬಹುದು. ಜೋಡಣೆ ಸಡಿಲವಾಗಿ ಸೆನ್ಸರ್ ಹೆಚ್ಚು ತೋರಿಸಿದರೆ ಕಂಟ್ರೋಲರ್ ಪೆಲೆಟ್ ಕೊಡುವುದನ್ನು ಕಡಿಮೆ ಮಾಡುತ್ತದೆ, ಬೆಂಕಿ ಹಸಿದು ಆರುತ್ತದೆ. ಬಟ್ಟಲಿನಲ್ಲಿ ಬೂದಿ ತುಂಬಿ ಗಾಳಿಕಿಂಡಿ ಮುಚ್ಚಿಕೊಂಡರೂ, ಹಾಪರ್‌ನಲ್ಲಿ ಪೆಲೆಟ್‌ಗಳು ಮೇಲೆ ತುಂಬಿದ್ದೂ ತಿರುಪಿನ ಮೇಲೆ ಗುಹೆಯಂತೆ ಟೊಳ್ಳಾಗಿದ್ದರೂ ಇದೇ ಆಗುತ್ತದೆ. ಕಾರಣ ಯಾವುದಾದರೂ, ಬೆಂಕಿ ಆರಿದ ಮೇಲೆ ನಡೆಯುವುದು ಒಂದೇ: ತಾಪ ಇಳಿಯುತ್ತಿರುವುದನ್ನು ಕಂಡ ಕಂಟ್ರೋಲರ್, ಸೂಚನೆ ಕೊಟ್ಟು ನಿಲ್ಲುವ ಮೊದಲು, ಆರಿದ ಬಟ್ಟಲಿಗೇ ಪೆಲೆಟ್ ಸುರಿಯುತ್ತ ಹೋಗುತ್ತದೆ. ಆ ರಾಶಿಯ ಕೆಳಗೆ ಮತ್ತೆ ಕಿಡಿ ಹೊತ್ತಿದಾಗ ಜ್ವಾಲೆಯಿಲ್ಲದೆ ಹೊಗೆಯಷ್ಟೇ ತುಂಬಿಕೊಳ್ಳುತ್ತದೆ; ಉರಿಯಬಲ್ಲ ಆ ಹೊಗೆಗೆ ಒಮ್ಮೆಲೆ ಬೆಂಕಿ ತಾಗಿದ್ದೇ ನೀವು ಕೇಳಿದ ಸದ್ದು.

ಆದ್ದರಿಂದ ಆರಿದ ಯಂತ್ರವನ್ನು ಹಾಗೆಯೇ ಮತ್ತೆ ಹಚ್ಚಬೇಡಿ. ಪ್ಲಗ್ ತೆಗೆದು ತಣಿಯಲು ಬಿಟ್ಟು, ಜಾಲರಿ ಮತ್ತು ತಗಡುಗಳನ್ನು ಎತ್ತಿ, ಬಟ್ಟಲಿನಲ್ಲಿಯೂ ಅದರ ಸುತ್ತಲೂ ಚೆಲ್ಲಿದ ಪೆಲೆಟ್‌ಗಳನ್ನು ಪೂರ್ತಿ ಬಾಚಿ ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕಿ. ಕೆಂಡ ಒಳಗೊಳಗೇ ಒಂದು ದಿನದವರೆಗೂ ಉಳಿದಿರಬಹುದಾದ ಕಾರಣ ಪ್ಲಾಸ್ಟಿಕ್ ಬಕೆಟ್ ಆಗಲಿ ಮನೆಯ ವ್ಯಾಕ್ಯೂಮ್ ಆಗಲಿ ಬೇಡ. ಹಾಪರ್‌ನಲ್ಲಿ ಕೈಯಾಡಿಸುವುದಿದ್ದರೆ ಪ್ಲಗ್ ತೆಗೆದಿರುವಾಗಲೇ ಆಡಿಸಿ. ಮುಂದಿನ ಸಲ ಹಚ್ಚುವಾಗ ಬಿಳಿ ಹೊಗೆ ಹೆಚ್ಚು ಹೊತ್ತಾದರೂ ಕಡಿಮೆಯಾಗದಿದ್ದರೆ ಮುಖವನ್ನು ಒಲೆಯ ಮೇಲೆ ತರದೆ ದೂರ ನಿಂತು, ಯಂತ್ರವನ್ನು ಆಫ್ ಮಾಡಿ, ಹೊಗೆ ತಿಳಿಯಾಗುವವರೆಗೆ ಮುಚ್ಚಳ ಮುಟ್ಟಬೇಡಿ. ಒಳಗಿದ್ದ ಮಾಂಸದ ವಿಚಾರ ಕೇಳಿಲ್ಲವಾದರೂ ಹೇಳಿಬಿಡುತ್ತೇನೆ: ಒಲೆ ಎಷ್ಟು ಹೊತ್ತಿಗೆ ನಿಂತಿತೆಂದು ತಿಳಿಯದಿದ್ದರೆ ಮತ್ತು ಮಾಂಸ 140ರ ಕೆಳಗೆ ಇಳಿದಿದ್ದರೆ ಅದನ್ನು ತಿನ್ನಬೇಡಿ.